ಎರಡು ಪೈಸೆ ತೂಕದಲ್ಲಿ ಅಣ್ಣಾವ್ರ ಕಂಠ!

ಅಣ್ಣಾವ್ರ ಕಂಠ ಎಲ್ಲಿದೆ ಅಂತ ಕೇಳಿದರೆ ನಮ್ಮ ಹುಡುಗರು ಎದೆ ತಟ್ಟಿಕೊಂಡು ‘ಇಲ್ಲಿದೆ’ ಅನ್ನುತ್ತಾರೆ. ಒಪ್ಪಿದೆ ಗುರುವೇ! ಆದರೆ 1974ರಲ್ಲಿ ‘ಸಂಪತ್ತಿಗೆ ಸವಾಲ್’ ರೆಕಾರ್ಡು ಕೊಂಡು ತಂದವನ ಮನೆಯಲ್ಲಿ ಆ ಕಂಠ ಇದ್ದದ್ದು ತಲೆಗೂದಲಿನಷ್ಟು ಸಣ್ಣ ಒಂದು ಗೀರಿನೊಳಗೆ. ಆ ಗೀರಿನಲ್ಲಿ ಇಳಿದು ಅದನ್ನು ಎಬ್ಬಿಸಿ ಹಾಡಿಸುವುದು ಒಂದು ವಜ್ರದ ಮುಳ್ಳು. ಮುಳ್ಳನ್ನು ಹಿಡಿದುಕೊಂಡಿರುವ ಪುಟ್ಟ ಡಬ್ಬಿಗೆ ಕಾರ್ಟ್ರಿಜ್ ಅಂತ ಹೆಸರು. ಈ ಕಾರ್ಟ್ರಿಜ್ ಒಂಥರಾ ಡೈರೆಕ್ಟರ್ ಇದ್ದ ಹಾಗೆ... ತೆರೆಯ ಮೇಲೆ ಕಾಣಿಸುವುದಿಲ್ಲ, ಆದರೆ ಅವನು ಸೊಟ್ಟಗಿದ್ದರೆ ಇಡೀ ಪಿಕ್ಚರ್ ಸೊಟ್ಟ!

ಆ ಡಬ್ಬಿಯನ್ನು ನೆಟ್ಟಗೆ ಕೂರಿಸುವುದು ಹೇಗೆ ಅನ್ನೋದೇ ಇವತ್ತಿನ ಮಾತು. ಮೊಬೈಲ್ ಒತ್ತಿದರೆ ಹಾಡು ಬರುತ್ತಲ್ಲ, ಇದೆಲ್ಲ ಯಾಕಪ್ಪಾ ಅಂತೀರಾ? ಬರುತ್ತೆ, ನನಗೂ ಬರುತ್ತೆ. ಆದರೆ ನಮ್ಮ ಹಾರೋಹಳ್ಳಿಯಲ್ಲಿ ಹೋದ ವರ್ಷ ಒಂದು ಪೆಟ್ಟಿಗೆ ರೆಕಾರ್ಡು, ಒಬ್ಬ ಮನುಷ್ಯನ ಕಿವಿ, ಎರಡೂ ಒಂದೇ ತಕ್ಕಡಿಗೆ ಬಿದ್ದವು. ಯಾವುದನ್ನು ಉಳಿಸಿಕೊಳ್ಳೋದು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಡಬ್ಬಿಯಿಂದ.

ಮೈಕ್‌ಸೆಟ್ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ 1971ರಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟವರು. ಮದುವೆ, ಗೃಹಪ್ರವೇಶ, ಗಣೇಶನ ಹಬ್ಬ, ಎಲೆಕ್ಷನ್ನು... ಎಲ್ಲದಕ್ಕೂ ಇವರದೇ ಹಾರನ್. ಮರದ ತುದಿಗೆ ಹಗ್ಗ ಹಾಕಿ ಹಾರನ್ ಸ್ಪೀಕರ್ ಕಟ್ಟಿ, ಕೆಳಗೆ ಚಾಪೆ ಹಾಸಿ, ರೆಕಾರ್ಡ್ ಚೇಂಜರ್ ಇಟ್ಟುಕೊಂಡು ಕೂತರೆ ಸುತ್ತ ನಾಲ್ಕು ಊರಿಗೆ ‘ಬಂಗಾರದ ಮನುಷ್ಯ’! ಅವರ ಪೆಟ್ಟಿಗೆಯನ್ನು ನೋಡಿದರೆ ಕನ್ನಡ ಚಿತ್ರರಂಗದ ಇತಿಹಾಸವೇ ಎರಡು ಭಾಗ. ಒಂದು, ತೆರೆಯ ಮೇಲೆ ಅಣ್ಣಾವ್ರು, ಹಾಡಿನಲ್ಲಿ ಪಿ.ಬಿ. ಶ್ರೀನಿವಾಸ್. ‘ಕಸ್ತೂರಿ ನಿವಾಸ’, ‘ಗಂಧದ ಗುಡಿ’ ಎಲ್ಲ ಅತ್ತ. ಇನ್ನೊಂದು, ‘ಸಂಪತ್ತಿಗೆ ಸವಾಲ್’ನಲ್ಲಿ ಜಿ.ಕೆ. ವೆಂಕಟೇಶ್ ಅಣ್ಣಾವ್ರಿಂದಲೇ ಹಾಡಿಸಿದ ಮೇಲಿನದು.

ಟೂರಿಂಗ್ ಟಾಕೀಸ್ ಟೆಂಟಿಗೂ ಚಿಕ್ಕಪ್ಪನೇ. ಸಂಜೆ ಘಂಟಸಾಲರ ವೆಂಕಟೇಶನ ಹಾಡು ಹಾರನ್ನಿನಲ್ಲಿ ಬಿತ್ತು ಅಂದರೆ ಜನ ಊಟದ ತಟ್ಟೆ ಬಿಟ್ಟು ಓಡಬೇಕು... ಆಟ ಶುರುವಾಗೋ ಹೊತ್ತು ಅಂತ ಲೆಕ್ಕ. ಆ ರೆಕಾರ್ಡನ್ನು ಅದೆಷ್ಟು ಸಾವಿರ ಸಲ ಹಾಕಿದ್ದಾರೋ, ಕಪ್ಪು ಪ್ಲೇಟು ಬೂದಿ ಬಣ್ಣಕ್ಕೆ ತಿರುಗಿದೆ!

ಇನ್ನು ‘ಶೋಲೆ’. ಪಕ್ಕದ ರಾಮನಗರದ ಬಂಡೆಗಳಲ್ಲೇ ತೆಗೆದ ಪಿಕ್ಚರ್. 1975ರ ಆಗಸ್ಟ್ 15ಕ್ಕೆ ರಿಲೀಸಾಯಿತು. ಪಾಲಿಡಾರ್ ಕಂಪನಿ ಅದರ ಡೈಲಾಗನ್ನೇ ರೆಕಾರ್ಡ್ ಮಾಡಿ ಮಾರಿತು. ಹಾಡಿಲ್ಲ, ಬರೀ ಮಾತು! ನಮ್ಮ ಕಡೆ ಮದುವೆ ಮನೆಯಲ್ಲಿ ತಾಳಿ ಕಟ್ಟೋ ಹೊತ್ತಿಗೆ ಗಬ್ಬರ್ ಸಿಂಗ್ ನಕ್ಕಿದ್ದೂ ಉಂಟು. ಪುರೋಹಿತರು ಕೆಂಗಣ್ಣು ಬಿಟ್ಟರೂ ಹುಡುಗರು ಬಿಡಬೇಕಲ್ಲ!

ಹಾರನ್ ಪಕ್ಕದಲ್ಲಿ ಮೂವತ್ತು ವರ್ಷ ಕೂತರೆ ಕಿವಿ ಉಳಿಯುತ್ತಾ? ಉಳಿಯಲಿಲ್ಲ. ಸದ್ದಿನಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು, ಅಂದರೆ ನಾಲ್ಕು ಸಾವಿರ ಹರ್ಟ್ಸ್ ಆಸುಪಾಸಿನದನ್ನು. ‘ಸ’ಕಾರ ಇರುವುದು ಅಲ್ಲಿ ಮತ್ತು ಅದರ ಮೇಲೆ. ‘ಸೊಪ್ಪು’ ಅಂದರೆ ಚಿಕ್ಕಪ್ಪನಿಗೆ ‘ಒಪ್ಪು’ ಅಂತ ಕೇಳಿಸುತ್ತೆ. ಮನೆಯಲ್ಲಿ ನಗೆಪಾಟಲು. ಆದರೆ ಹೋದ ವರ್ಷ ಕನಕಪುರ ರಸ್ತೆ ದಾಟುವಾಗ ಲಾರಿ ಹಾರನ್ ಕೇಳಿಸದೆ ಒಂದು ಗೇಣಿನಲ್ಲಿ ಉಳಿದುಕೊಂಡರು. ಆಮೇಲೆ ಯಾರೂ ನಗಲಿಲ್ಲ.

“ನಾಳೆಯೇ ಕಿವಿ ಮಿಷನ್ ತರಬೇಕು” ಅಂತ ಚಿಕ್ಕಮ್ಮ ಪಟ್ಟು ಹಿಡಿದರು. ಒಂದು ಕಿವಿಗೆ ಇಪ್ಪತ್ನಾಲ್ಕು ಸಾವಿರ. ಅದೇ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ವ್ಯಾಪಾರಿ ಬಂದ. ಹೋಟೆಲುಗಳ ಗೋಡೆಗೆ ಹಳೇ ರೆಕಾರ್ಡು ನೇತು ಹಾಕುವ ಶೋಕಿ ಬಂದಿದೆಯಲ್ಲ, ಅದಕ್ಕೆ ಸಪ್ಲೈ ಮಾಡುವವನು. ಪೆಟ್ಟಿಗೆ ತೆಗೆದು ನೋಡಿ, “ಐವತ್ತೆಂಟು ಪ್ಲೇಟಿಗೂ ಸೇರಿಸಿ ಹದಿನೆಂಟು ಸಾವಿರ. ಎರಡು ವಾರ ಬಿಟ್ಟು ಬರ್ತೀನಿ” ಅಂದ.

ಚಿಕ್ಕಪ್ಪ ತಲೆಯೆತ್ತಲಿಲ್ಲ. “ಕೊಟ್‌ಬುಡು ಮಗಾ. ಎಲ್ಲಾ ಸತ್ತೋಗವೆ. ಹಾಕುದ್ರೆ ಬರೀ ಗೊರಗೊರ ಅಂತವಂತೆ. ನಿನ್ ಚಿಕ್ಕಮ್ಮ ಹೇಳ್ತಾಳೆ. ನಂಗೇನ್ ಗೊತ್ತಾಯ್ತದೆ?”

ಅದೇ ನೋಡಿ ಸಂಗತಿ! ಮುಳ್ಳು ಸವೆದರೂ ‘ಸ’ ಕೆಡುತ್ತದೆ, ರೆಕಾರ್ಡು ಸವೆದರೂ ‘ಸ’ ಕೆಡುತ್ತದೆ, ಕಿವಿ ಸವೆದರೂ ‘ಸ’ ಹೋಗುತ್ತದೆ. ಸತ್ತಿರುವುದು ಯಾವುದು? ಐವತ್ತು ವರ್ಷದ ಸಂಪಾದನೆಯನ್ನು ಗೋಡೆಗೆ ಮೊಳೆ ಹೊಡೆಯುವ ಮೊದಲು ಅದನ್ನಾದರೂ ತಿಳಿಯಬೇಡವೇ? “ಎರಡು ವಾರ ಟೈಮ್ ಕೊಡಿ” ಅಂದೆ. ನನ್ನ ಕೆಲಸ ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ. ಸೂಕ್ಷ್ಮ ಅಳತೆ ನಮ್ಮ ಅನ್ನ.

ನಾಲ್ಕಾಣೆಯ ಅಪರಾಧ

ಮೊದಲು ಹಳೇ ಚೇಂಜರ್ ನೋಡಿದೆ. ತೋಳಿನ ತಲೆಯ ಮೇಲೆ ಡಾಕ್ಟರ್ ಟೇಪಿನಲ್ಲಿ ಒಂದು ನಾಲ್ಕಾಣೆ ಅಂಟಿಸಿತ್ತು! ಹಳೇ ನಿಕ್ಕಲ್ ನಾಲ್ಕಾಣೆ, ಎರಡೂವರೆ ಗ್ರಾಂ. ಮುಳ್ಳು ಹಾರಬಾರದು ಅಂತ ಆ ಕಾಲದ ಮೈಕ್‌ಸೆಟ್‌ನವರು ಮಾಡುತ್ತಿದ್ದ ಉಪಾಯ. ಅಂಥ ಸೆರಾಮಿಕ್ ಕಾರ್ಟ್ರಿಜ್ಜುಗಳು ಮೊದಲೇ ಭಾರ, ನಾಲ್ಕೈದು ಗ್ರಾಂ ಒತ್ತುವಂಥವು. ಮೇಲೆ ನಾಲ್ಕಾಣೆ ಬೇರೆ. ಟೂಲ್ ರೂಮಿನ ಭೂತಗನ್ನಡಿಯಲ್ಲಿ ನೋಡಿದರೆ ಮುಳ್ಳಿನ ತುದಿ ಉಳಿ ಆಗಿಹೋಗಿತ್ತು. ಅದು ಹಾಡಿಸುತ್ತಿರಲಿಲ್ಲ, ಉಳುತ್ತಿತ್ತು!

ಅದನ್ನು ಪಕ್ಕಕ್ಕಿಟ್ಟೆ. ಬೆಂಗಳೂರು ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ ಹಿಂದೆಯೇ ಕೊಂಡಿದ್ದ ಒಂದು ಹಳೇ ಜಪಾನಿ ಟರ್ನ್‌ಟೇಬಲ್ ನನ್ನ ಹತ್ತಿರ ಇತ್ತು. ಅದಕ್ಕೆ ಹೊಸ ಕಾರ್ಟ್ರಿಜ್ ತರಿಸಿದೆ, ಆಡಿಯೋ-ಟೆಕ್ನಿಕಾ ವಿಎಂ95ಇ. ತೂಕ ಬರೀ 6.1 ಗ್ರಾಂ. ಮುಳ್ಳು ಒತ್ತಬೇಕಾದ್ದು 2 ಗ್ರಾಂ. ತುದಿ ದುಂಡಗಿಲ್ಲ, ಮೊಟ್ಟೆಯಾಕಾರ. ಇದರಲ್ಲಿ ಒಂದು ಗುಟ್ಟಿದೆ. ದುಂಡು ಮುಳ್ಳು ಗೀರಿನ ಗೋಡೆಯನ್ನು ಒಂದು ಎತ್ತರದಲ್ಲಿ ತೇದಿರುತ್ತದೆ. ಬೇರೆ ಆಕಾರದ ಮುಳ್ಳು ಗೋಡೆಯನ್ನು ಸ್ವಲ್ಪ ಬೇರೆ ಜಾಗದಲ್ಲಿ ಮುಟ್ಟುತ್ತದೆ. ಅಲ್ಲಿ ಇನ್ನೂ ತೇಯದ ಹಾಡು ಉಳಿದಿರಬಹುದು! ಉಳಿದಿರಬಹುದು ಅಷ್ಟೇ, ಗ್ಯಾರಂಟಿಯಿಲ್ಲ.

(ಒಂದು ಮಾತು. ಸೆರಾಮಿಕ್ ಕಾರ್ಟ್ರಿಜ್ ನೇರ ಆಂಪ್ಲಿಫೈಯರಿಗೆ ನಡೆಯುತ್ತಿತ್ತು. ಈ ಅಯಸ್ಕಾಂತದ ಕಾರ್ಟ್ರಿಜ್ ಕೊಡುವುದು ನಾಲ್ಕು ಮಿಲಿವೋಲ್ಟ್. ನಡುವೆ ಫೋನೋ ಪ್ರೀ-ಆಂಪ್ ಬೇಕೇ ಬೇಕು. ಇಲ್ಲದಿದ್ದರೆ ಸೊಳ್ಳೆ ಹಾಡಿದ ಹಾಗೆ ಕೇಳುತ್ತೆ.)

ಕಲ್ಲು, ರಸಮಟ್ಟ, ಕನ್ನಡಿ

ಸಾಮಾನು ಏನೇನು? ಕೇಳಿದರೆ ನಗ್ತೀರಿ. ಗ್ರಾನೈಟ್ ಚಪ್ಪಡಿ ಒಂದು. ಕನಕಪುರ ಕಡೆ ಗ್ರಾನೈಟಿಗೆ ಬರವೇ? ಪಾಲಿಶ್ ಯೂನಿಟ್ಟಿನವರು ಒಡೆದ ತುಂಡನ್ನು ಕಾಫಿ ಕಾಸಿಗೆ ಕೊಟ್ಟರು. ನಮ್ಮ ಮನೆ ಮುಂದೆ ಲಾರಿ ಹೋದರೆ ಗೋಡೆ ನಡುಗುತ್ತೆ; ಭಾರದ ಕಲ್ಲಿನ ಕೆಳಗೆ ನಾಲ್ಕು ರಬ್ಬರ್ ತುಂಡು ಕೊಟ್ಟರೆ ಅರ್ಧ ನಡುಕ ಅಲ್ಲೇ ಸಾಯುತ್ತೆ. ಅದರ ಮೇಲೆ ಟರ್ನ್‌ಟೇಬಲ್. ಗಾರೆ ಮೇಸ್ತ್ರಿಯ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಗುಳ್ಳೆ ನಡುವೆ ನಿಲ್ಲುವ ತನಕ ಸರಿ ಮಾಡಿದೆ. ಇದನ್ನು ಮೊದಲೇ ಮಾಡಬೇಕು. ನೆಲವೇ ಓರೆಯಾದರೆ ಆಮೇಲಿನ ಅಳತೆಯೆಲ್ಲ ನೀರಲ್ಲಿ ಹೋಮ.

ಇನ್ನು ಸಣ್ಣ ಸ್ಕ್ರೂಡ್ರೈವರ್, ಚಿಮುಟ, ಸ್ಟೀಲ್ ಸ್ಕೇಲು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು, ಅಂಗೈಯಗಲ ತೆಳು ಕನ್ನಡಿ. ಮತ್ತೆ ಒಂದು ಹಾಳೆ. ಈ ಹಾಳೆಯೇ ಕತೆಯ ನಾಯಕ, ಪ್ರೊಟ್ರ್ಯಾಕ್ಟರ್.

ಅದು ಯಾಕೆ ಬೇಕು? ಫ್ಯಾಕ್ಟರಿಯಲ್ಲಿ ಮೂಲ ರೆಕಾರ್ಡನ್ನು ಕೊರೆಯುವ ಉಳಿ ಅಂಚಿನಿಂದ ನಡುವಿಗೆ ನೆಟ್ಟಗೆ, ಒಂದೇ ಗೆರೆಯಲ್ಲಿ ಸಾಗಿರುತ್ತದೆ. ನಮ್ಮ ಟರ್ನ್‌ಟೇಬಲಿನ ತೋಳು ಹಾಗಲ್ಲ. ಗೂಟಕ್ಕೆ ಕಟ್ಟಿದ ಹಸು ಇದ್ದ ಹಾಗೆ. ಸುತ್ತು ಹಾಕಬಹುದು, ನೆಟ್ಟಗೆ ಹೋಗಲಾರದು. ಹಾಗಾಗಿ ಮುಳ್ಳು ಗೀರಿಗೆ ಸದಾ ಸ್ವಲ್ಪ ಓರೆ. ಇಡೀ ಪ್ಲೇಟಿನಲ್ಲಿ ಎರಡೇ ಎರಡು ಜಾಗದಲ್ಲಿ ಅದು ಪೂರ್ತಿ ನೇರ. ಆ ಎರಡು ಜಾಗ ಎಲ್ಲಿದ್ದರೆ ಒಟ್ಟು ತಪ್ಪು ಕಡಿಮೆ ಅಂತ 1938ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್, 1941ರಲ್ಲಿ ಬೇರ್ವಾಲ್ಡ್ ಲೆಕ್ಕ ಹಾಕಿದರು. ಎಲ್ಪಿ ರೆಕಾರ್ಡಿಗೆ ಆ ಲೆಕ್ಕದಲ್ಲಿ ಬರುವುದು ನಡುಗಂಬದಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್. ಹಾಳೆಯ ಮೇಲೆ ಇವೆರಡು ಚುಕ್ಕಿ, ಸುತ್ತ ಚೌಕಟ್ಟಿನ ಗೆರೆ. ಅಷ್ಟೇ.

ಒಳಗಿನ ಹಾಡೇ ಯಾಕೆ ಮೊದಲು ಕೆಡೋದು? ಎಲ್ಪಿ ಒಂದು ಸುತ್ತಿಗೆ 1.8 ಸೆಕೆಂಡ್. ಹೊರ ಅಂಚಿನಲ್ಲಿ ಒಂದು ಸೆಕೆಂಡಿನ ಹಾಡು ಸುಮಾರು 51 ಸೆಂಟಿಮೀಟರ್ ಗೀರಿನಲ್ಲಿ ಕಾಲು ಚಾಚಿ ಮಲಗಿರುತ್ತದೆ. ಕೊನೆಗೆ ಬಂದಾಗ ಅದೇ ಒಂದು ಸೆಕೆಂಡನ್ನು 21 ಸೆಂಟಿಮೀಟರಿಗೆ ತುರುಕಿರುತ್ತಾರೆ. ಹಬ್ಬದ ದಿನದ ಕೆಂಪು ಬಸ್ಸು! ಮುಳ್ಳು ಚೂರು ಓರೆಯಾದರೂ ಅಲ್ಲಿ ತಡೆಯುವುದಿಲ್ಲ.

ಹಾಳೆಯನ್ನು ಬಸ್ ಸ್ಟ್ಯಾಂಡ್ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಹುಡುಗ ಅಭ್ಯಾಸಬಲದಿಂದ ‘ಪೇಜಿಗೆ ಹೊಂದಿಸು’ ಅಂತ ಒತ್ತಿದ. ಸ್ಕೇಲಿಟ್ಟರೆ ನೂರು ಮಿಲಿಮೀಟರ್ ಗೆರೆ ತೊಂಬತ್ತೇಳು! ನೂರಕ್ಕೆ ನೂರು ಸೈಜಿನಲ್ಲೇ ಇನ್ನೊಂದು ತೆಗೆಸಿದೆ. ನೀವೂ ಗೆರೆ ಅಳೆಯದೆ ಹಾಳೆ ನಂಬಬೇಡಿ. ಜೆರಾಕ್ಸ್ ಹುಡುಗನ ಮುಖ ಎಷ್ಟೇ ಮುದ್ದಾಗಿರಲಿ!

ಆಮೇಲೆ ಕಾರ್ಟ್ರಿಜ್ ಕಟ್ಟುವುದು. ಎರಡು ಸ್ಕ್ರೂ, ಅವುಗಳ ನಡುವೆ ಅರ್ಧ ಇಂಚು. ಎಲ್ಲ ಕಂಪನಿಗೂ ಬಹುಮಟ್ಟಿಗೆ ಇದೇ ಅಳತೆ. ಮುಳ್ಳಿನ ಮುಚ್ಚಳ ತೆಗೆಯಬಾರದು. ನಾಲ್ಕು ತಂತಿ: ಬಿಳಿ ಎಡಗಡೆಯದು, ನೀಲಿ ಅದರ ಗ್ರೌಂಡ್, ಕೆಂಪು ಬಲಗಡೆಯದು, ಹಸಿರು ಅದರ ಗ್ರೌಂಡ್. ಚಿಮುಟದಲ್ಲಿ ಮೆಲ್ಲಗೆ ತಳ್ಳಬೇಕು. ಸಾಲ್ಡರ್ ಐರನ್ ಹತ್ತಿರ ಕೂಡ ತರಬೇಡಿ, ಒಳಗಿನ ಕೂದಲೆಳೆ ಸುರುಳಿ ಸುಟ್ಟುಹೋಗುತ್ತೆ. ಸ್ಕ್ರೂ ಈಗಲೇ ಬಿಗಿಮಾಡಬೇಡಿ. ಡಬ್ಬಿ ಅಲ್ಲಾಡಬೇಕು, ಆದರೆ ತಾನೇ ಜಾರಬಾರದು.

ತೂಕವನ್ನು ಸುಮಾರಾಗಿ ಎರಡು ಗ್ರಾಮಿಗೆ ಇಟ್ಟು, ಮುಳ್ಳನ್ನು ಒಳಗಿನ ಚುಕ್ಕಿಗೆ ಇಳಿಸಿ, ಲೆನ್ಸಿನಲ್ಲಿ ನೋಡಬೇಕು. ಡಬ್ಬಿಯ ಗೋಡೆಯನ್ನಲ್ಲ, ಮುಳ್ಳು ಹೊತ್ತ ಕಡ್ಡಿಯನ್ನು! ಅದು ಗೆರೆಗೆ ಸಮಾನಾಂತರವಾಗಿರಬೇಕು. ಇಲ್ಲವಾ? ಮುಂದೆ-ಹಿಂದೆ ಸರಿಸಿ, ಚೂರು ತಿರುಗಿಸಿ. ಹೊರಗಿನ ಚುಕ್ಕಿಗೆ ಹೋಗಿ. ಅಲ್ಲಿ ತಪ್ಪಿರುತ್ತೆ. ಸರಿಮಾಡಿ ಒಳಗೆ ಬನ್ನಿ. ಇಲ್ಲಿ ತಪ್ಪಿರುತ್ತೆ! ಅತ್ತೆ-ಸೊಸೆ ಇಬ್ಬರನ್ನೂ ಒಪ್ಪಿಸಿದ ಹಾಗೆ. ನನಗೆ ಒಂದೂವರೆ ಗಂಟೆ ಹಿಡಿಯಿತು. ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ರಾತ್ರಿ, ಮೊಬೈಲ್ ಟಾರ್ಚ್ ಬೆಳಕಲ್ಲಿ.

ಕನ್ನಡಿ ಯಾಕೆ ಅಂದರೆ ಇನ್ನೊಂದು ಓರೆ ನೋಡೋಕೆ. ಎದುರಿನಿಂದ ನೋಡಿದಾಗ ಮುಳ್ಳು ಎಡಕ್ಕೋ ಬಲಕ್ಕೋ ವಾಲಬಾರದು. ಕನ್ನಡಿಯ ಮೇಲೆ ಇಳಿಸಿದರೆ ಮೇಲೊಂದು ಮುಳ್ಳು, ಕೆಳಗೊಂದು ಮುಳ್ಳು. ‘ಬಬ್ರುವಾಹನ’ದಲ್ಲಿ ಅರ್ಜುನ, ಬಬ್ರುವಾಹನ ಎದುರುಬದುರು ನಿಂತ ಹಾಗೆ, ಒಬ್ಬರದೇ ಡಬಲ್ ಆಕ್ಟಿಂಗ್! ಇಬ್ಬರೂ ಒಂದೇ ನೇರದಲ್ಲಿ ಕಂಡರೆ ಸರಿ. ನಡುವೆ ಸೊಂಟ ಮುರಿದಂತೆ ಕಂಡರೆ ಹೆಡ್‌ಶೆಲ್ ತಿರುಗಿಸಿ ಸರಿಮಾಡಬೇಕು.

ಎರಡು ಪೈಸೆ ಬಾಳಿದ ಬಗೆ

ಈಗ ತೂಕ. ಡಬ್ಬಿ ಹಿಂದೆ-ಮುಂದೆ ಸರಿದ ಮೇಲೆ ಮೊದಲಿಟ್ಟ ತೂಕ ನಿಂತಿರುವುದಿಲ್ಲ. ಮತ್ತೆ ತೋಳನ್ನು ಗಾಳಿಯಲ್ಲಿ ತೇಲುವಂತೆ ಸಮತೂಕ ಮಾಡಿ, ಅಲ್ಲಿಂದ ಎರಡು ಗ್ರಾಂ ತಿರುಗಿಸಬೇಕು. ಆದರೆ ನಲವತ್ತು ವರ್ಷದ ಹಳೇ ಡಯಲ್ ನಂಬೋದು ಹೇಗೆ? ಚಿನ್ನದಂಗಡಿಯವರ ಪುಟ್ಟ ಡಿಜಿಟಲ್ ತಕ್ಕಡಿ ತಂದೆ. ಇಟ್ಟಾಗೊಂದು ಅಂಕಿ, ತೆಗೆದಿಟ್ಟರೆ ಇನ್ನೊಂದು! ತಕ್ಕಡಿಯ ತಟ್ಟೆ ಕಬ್ಬಿಣದ ಜಾತಿ, ಕಾರ್ಟ್ರಿಜ್ಜಿನೊಳಗೆ ಅಯಸ್ಕಾಂತ. ಒಂದಕ್ಕೊಂದು ಎಳೆಯುತ್ತಿದ್ದವು.

ಆಗ ಚಿಕ್ಕಮ್ಮನ ಸಾಸಿವೆ ಡಬ್ಬದ ನೆನಪಾಯಿತು. ಅದರ ತಳದಲ್ಲಿ ಹಳೇ ಚಿಲ್ಲರೆ. ಅಂಚು ಹೂವಿನೆಸಳಿನಂತಿದ್ದ ಅಲ್ಯುಮಿನಿಯಂ ಎರಡು ಪೈಸೆ ನೋಡಿದ್ದೀರಾ? 1965ರಿಂದ ಬಂದದ್ದು. ಟಂಕಸಾಲೆಯ ತೂಕ ಸರಿಯಾಗಿ ಒಂದು ಗ್ರಾಂ! ಅಲ್ಯುಮಿನಿಯಂ ಆದ್ದರಿಂದ ಅಯಸ್ಕಾಂತದ ಕಾಟವೂ ಇಲ್ಲ. ಸವೆಯದ ಎರಡನ್ನು ಆರಿಸಿ ಚಿನ್ನದಂಗಡಿಯಲ್ಲಿ ತೂಗಿಸಿದೆ: 1.98 ಗ್ರಾಂ. ಸಾಕು ಬಿಡಿ.

ಬಿದಿರು ದಬ್ಬೆಯ ತೆಳು ಕಡ್ಡಿ ಸೀಳಿ, ನಟ್ಟನಡುವೆ ಬಟ್ಟೆ ಹೊಲಿಯುವ ಸೂಜಿ ಅಡ್ಡ ತೂರಿಸಿ, ಏತದಂತೆ ಕೂರಿಸಿದೆ. ಬರೀ ಕಡ್ಡಿ ಮೊದಲು ಸಮ ನಿಲ್ಲಬೇಕು. ಒಂದು ತುದಿಗೆ ಎರಡು ಪೈಸೆಯ ಎರಡು ಬಿಲ್ಲೆ, ಅಷ್ಟೇ ದೂರದಲ್ಲಿ ಇನ್ನೊಂದು ತುದಿಗೆ ಚಿಕ್ಕ ಗುಳಿ ಮಾಡಿ ಅದರಲ್ಲಿ ಮುಳ್ಳು. ಬಿಲ್ಲೆ ಮೇಲೆದ್ದರೆ ಮುಳ್ಳು ಭಾರ, ಮುಳ್ಳು ಎದ್ದರೆ ಹಗುರ. ಅಂಗಡಿಯಲ್ಲಿ ಸಿಗುವ ಏತದ ತಕ್ಕಡಿಗಳೂ ಇದೇ ಉಪಾಯ, ಪ್ಲಾಸ್ಟಿಕ್ಕಿನಲ್ಲಿ. ಚಿಕ್ಕಪ್ಪ ನಾಲ್ಕಾಣೆ ಇಟ್ಟು ಕೊಂದದ್ದನ್ನು ಎರಡು ಪೈಸೆಯಿಂದ ಬದುಕಿಸಲು ಹೊರಟಿದ್ದೆವು!

ಹಗುರವಾದಷ್ಟೂ ರೆಕಾರ್ಡಿಗೆ ಒಳ್ಳೆಯದು ಅಂತ ಕೆಲವರ ತಿಳಿವಳಿಕೆ. ಶುದ್ಧ ತಪ್ಪು. ತೀರಾ ಹಗುರವಾದರೆ ಜೋರು ಸದ್ದಿನಲ್ಲಿ ಮುಳ್ಳು ಗೀರು ಬಿಟ್ಟು ಕುಪ್ಪಳಿಸಿ ಗೋಡೆಯನ್ನೇ ಚಚ್ಚುತ್ತದೆ. ಕಂಪನಿ ಹೇಳಿದ ಮಿತಿಯಲ್ಲೇ ಇರಬೇಕು, ಇದಕ್ಕೆ 1.8ರಿಂದ 2.2.

ಕೊನೆಯದು ತೋಳನ್ನು ಒಳಕ್ಕೆ ಎಳೆಯುವ ಸೆಳೆತ. ಪ್ಲೇಟಿನ ಉಜ್ಜಾಟಕ್ಕೆ ತೋಳು ನಡುವಿಗೆ ಜಾರಲು ನೋಡುತ್ತದೆ. ಅದನ್ನು ಹೊರಕ್ಕೆ ಜಗ್ಗಲು ದಾರದಲ್ಲಿ ನೇತಾಡುವ ಒಂದು ಸಣ್ಣ ಗುಂಡು. ನನ್ನ ಮಿಷನ್ನಿನಲ್ಲಿ ಗುಂಡಿತ್ತು, ದಾರ ಇರಲಿಲ್ಲ. ರೇಷ್ಮೆ ಊರಿನವನಿಗೆ ದಾರದ ಚಿಂತೆಯೇ? ರಾಮನಗರದ ಫಿಲೇಚರ್ ಗೆಳೆಯ ಹುರಿ ಮಾಡಿದ ಒಂದೆಳೆ ಕೊಟ್ಟ. ಕೂದಲಿನಂತೆ ಸಣ್ಣ, ಹಿಗ್ಗುವುದಿಲ್ಲ. ಸ್ಟೀರಿಯೋ ರೆಕಾರ್ಡಿನ ಜೋರು ಜಾಗದಲ್ಲಿ ಮೊದಲು ಬಲಗಡೆ ಸ್ಪೀಕರ್ ಕರಕರ ಅಂದರೆ ಜಗ್ಗಾಟ ಸಾಲದು, ಎಡಗಡೆ ಅಂದರೆ ಹೆಚ್ಚಾಯಿತು.

ಸ, ಶ, ಷ

ಪರೀಕ್ಷೆಗೆ ಏನು ಹಾಕಬೇಕು? ಅಣ್ಣಾವ್ರ ಉಚ್ಚಾರಣೆ ಗೊತ್ತಲ್ಲ, ಸ-ಶ-ಷ ಮೂರೂ ಬೇರೆ ಬೇರೆ. ಮುಳ್ಳು ಓರೆ ಕೂತರೆ ಮೂರೂ ಒಂದೇ ‘ಶ್ಶ್’. ಇದಕ್ಕಿಂತ ಒಳ್ಳೆಯ ಮೀಟರ್ ಯಾವ ಲ್ಯಾಬೊರೇಟರಿಯಲ್ಲಿದೆ? ಇನ್ನೊಂದು, ‘ಸನಾದಿ ಅಪ್ಪಣ್ಣ’ದ ಬಿಸ್ಮಿಲ್ಲಾ ಖಾನ್ ಶಹನಾಯಿ. ಅದು ಒಡೆಯದೆ ಬಂದರೆ ಕಾರ್ಟ್ರಿಜ್ ಪಾಸು.

ಮೊದಲ ಪ್ಲೇಟು ಇಳಿಸಿದೆ. ಸ ಅಂದರೆ ಸ, ಶ ಅಂದರೆ ಶ. ಅಡುಗೆಮನೆಯಿಂದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತರು. “ಇದು ಅದೇ ಪ್ಲೇಟಾ?” ಅಂದರು. ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ, ಅವರ ಮುಖ ನೋಡುತ್ತಿದ್ದರು.

ನಾಲ್ಕು ರಾತ್ರಿ ಕೂತೆವು. 78 ಸ್ಪೀಡಿನ ಮೂರನ್ನು ಬಿಟ್ಟು ಐವತ್ತೈದನ್ನೂ ಹಾಕಿದೆವು, ಪ್ರತಿಯೊಂದರ ಕೊನೆಯ ಹಾಡು. ಮೂವತ್ತಾರು ಬದುಕಿದ್ದವು! ಹತ್ತೊಂಬತ್ತು ನಿಜವಾಗಿಯೂ ಸತ್ತಿದ್ದವು. ನಾಲ್ಕಾಣೆ ತನ್ನ ಕೆಲಸ ಮಾಡಿತ್ತು. ಯಾವ ಮುಳ್ಳಿಗೂ ಏಳುವಂತಿರಲಿಲ್ಲ.

ವ್ಯಾಪಾರಿ ಬಂದ. ಗೋಡೆಗೆ ನೇತು ಹಾಕುವವನಿಗೆ ಬದುಕಿದ್ದರೇನು ಸತ್ತರೇನು? ಸತ್ತವನ್ನು ಮುಂದಿಟ್ಟೆ. ಮುಖ ಸೊಟ್ಟ ಮಾಡಿದ, “ಕವರ್ ಹರಿದಿದೆ” ಅಂದ, ಎದ್ದು ಹೋದ, ಕಾರಿನ ಹತ್ತಿರದಿಂದ ವಾಪಸ್ ಬಂದ. ಐದು ಸಾವಿರಕ್ಕೆ ನಿಂತಿತು. ಎಣಿಸುವಾಗ ಹದಿನೆಂಟೇ ಇದ್ದವು. ಬೂದಿ ಬಣ್ಣದ ವೆಂಕಟೇಶನ ಪ್ಲೇಟನ್ನು ಚಿಕ್ಕಪ್ಪ ಟವೆಲ್ಲಿನ ಕೆಳಗೆ ಇಟ್ಟುಕೊಂಡು ಕೂತಿದ್ದರು. “ಅದ್ ಬ್ಯಾಡ ಮಗಾ. ಅದು ಊರಿಂದು” ಅಂದರು.

ಉಳಿದ ಹತ್ತೊಂಬತ್ತು ಸಾವಿರಕ್ಕೆ ಬೆಂಗಳೂರಲ್ಲಿ ಕ್ಯಾಬ್ ಓಡಿಸೋ ಅವರ ಮಗ ಹತ್ತು ಕೊಟ್ಟ, ನನ್ನ ಎರಡು ತಿಂಗಳ ಓಟಿ ಒಂಬತ್ತು. ಕಿವಿ ಮಿಷನ್ ಬಂತು. ಹಾಕಿಕೊಂಡ ಮೊದಲ ದಿನ ಚಿಕ್ಕಪ್ಪನ ದೂರು: “ಈ ಬಸ್ಸುಗಳು ಯಾಕಿಂಗ್ ಬಡ್ಕತವೆ?” ಅವರ ಆಡಿಯಾಲಜಿಸ್ಟ್ ಹೆಣ್ಣುಮಗಳು ಎರಡು ಸಲ ಕರೆಸಿ ಕಂಪ್ಯೂಟರಿಗೆ ಸಿಕ್ಕಿಸಿ ಸರಿಮಾಡಿದರು. ಕಾರ್ಟ್ರಿಜ್ಜಿನ ಹಾಗೇ ಸ್ವಾಮಿ, ಕೊಂಡರಷ್ಟೇ ಆಗದು, ಕೂರಿಸಬೇಕು! ಮೂರನೆಯ ವಾರ ‘ಸಂಪತ್ತಿಗೆ ಸವಾಲ್’ ಹಾಕಿದಾಗ ಕೈಯೆತ್ತಿ ತಡೆದರು. “ಇನ್ನೊಂದ್ಸಲ ಹಾಕು. ಆ ‘ಸ’ ಬಂತು ಕಣ್ಲಾ.”

ಈಗ ಪೆಟ್ಟಿಗೆಯ ಮುಚ್ಚಳದೊಳಗೆ ಒಂದು ನೋಟ್‌ಬುಕ್ ಇದೆ. ಈ ಬಗೆಯ ಮುಳ್ಳಿಗೆ ಕಂಪನಿ ಹೇಳುವ ಆಯುಷ್ಯ ಸುಮಾರು 300 ಗಂಟೆ. ಎಲ್ಪಿಯ ಒಂದು ಮುಖಕ್ಕೆ ಇಪ್ಪತ್ತು ನಿಮಿಷದಂತೆ ಚಿಕ್ಕಪ್ಪ ಪೆನ್ಸಿಲಿನಲ್ಲಿ ಕಡ್ಡಿ ಎಳೆಯುತ್ತಾರೆ. ಹೋದ ಶನಿವಾರಕ್ಕೆ 47 ಗಂಟೆ. 78ರ ಮೂರು ಪ್ಲೇಟು ಇನ್ನೂ ಹಾಗೇ ಇವೆ. ಅವುಗಳ ಗೀರು ಅಗಲ, ನಾಲ್ಕು ಪಟ್ಟು ದಪ್ಪನೆಯ ಮುಳ್ಳು ಬೇಕು. ಇದೇ ಡಬ್ಬಿಗೆ ಕೂರುವಂಥದು ಸಿಗುತ್ತೆ. ತೂಕ ಮಾತ್ರ ಬೇರೆ ಆಗುತ್ತೆ. ಸಾಸಿವೆ ಡಬ್ಬದಲ್ಲಿ ಇನ್ನೂ ಮೂರು ಎರಡು ಪೈಸೆ ಇವೆಯಂತೆ, ಚಿಕ್ಕಮ್ಮ ಎಣಿಸಿಟ್ಟಿದ್ದಾರೆ.